ಪಟ್ಟಿ ಬಾಯಿಪಾಠವೋ, ಕೇಳಿ ಕಲಿಯುವುದೋ?

ದಾವಣಗೆರೆಯಲ್ಲಿ ಇಂಟರ್‌ವ್ಯೂಗೆ ತಯಾರಾಗುವ ಹುಡುಗರು ಕೇಳುತ್ತಿರುತ್ತಾರೆ: ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳನ್ನು (ಕ್ರಿಯಾಪದಕ್ಕೆ ‘ಆಫ್’, ‘ಅಪ್’ನಂಥ ಪುಟ್ಟ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿಗಳನ್ನು) ಪಟ್ಟಿ ನೋಡಿ ಕಲಿಯಲಾ, ಕೇಳಿ ಕಲಿಯಲಾ?

ಲಿಖಿತ ಪರೀಕ್ಷೆ ಮುಂದಿನ ವಾರವೇ ಇದ್ದರೆ ಪಟ್ಟಿ ಸಾಕು. ಮಾತಿಗೆ ನಿಂತಾಗ ಮಾತ್ರ ಅದು ಕೈಕೊಡುತ್ತದೆ. ಕನ್ನಡದಲ್ಲೂ ‘ಕೈಕೊಡು’ ಅಂದರೆ ಸುಮ್ನೆ ಕೈ ನೀಡುವುದಲ್ಲ, ಅಲ್ವಾ? ಹಾಗೆಯೇ ‘ಪುಟ್ ಆಫ್’ ಅಂದರೆ ಮುಂದೂಡುವುದು, ‘ಪುಟ್ ಅಪ್ ವಿತ್’ ಅಂದರೆ ಸಹಿಸಿಕೊಳ್ಳುವುದು. ಪದದ ಜಾಗವೂ ಮುಖ್ಯ: ‘ಟರ್ನ್ ಇಟ್ ಆಫ್’ ಸರಿ, ‘ಟರ್ನ್ ಆಫ್ ಇಟ್’ ತಪ್ಪು. ಇದು ಕಣ್ಣಿಗಿಂತ ಕಿವಿಗೆ ಬೇಗ ಹತ್ತುತ್ತದೆ.

ನನ್ನ ಆಯ್ಕೆ ಕೇಳುವುದೇ. ಬಿಬಿಸಿಯ ‘6 ಮಿನಿಟ್ ಇಂಗ್ಲಿಷ್’ ಪಾಡ್‌ಕಾಸ್ಟ್ ಉಚಿತ, ಬರಹರೂಪವೂ ಸಿಗುತ್ತದೆ. ಬೆಣ್ಣೆದೋಸೆಗೆ ಕಾಯುವಾಗ ಒಂದು ಕಂತು ಕೇಳಿ. ಆಮೇಲೆ ನಿಮ್ಮದೇ ವಾಕ್ಯ ಕಟ್ಟಿ: ‘ವಿ ಹ್ಯಾವ್ ರನ್ ಔಟ್ ಆಫ್ ಬಟರ್’, ಬೆಣ್ಣೆ ಖಾಲಿಯಾಗಿದೆ.