ಉಸಿರಿನ ಧ್ಯಾನಕ್ಕೆ ಗಾದಿ ಅಂಗಡಿಯ ಹತ್ತಿ ದಿಂಬು

ಹುಬ್ಬಳ್ಳಿಯಲ್ಲಿ ಗಾದಿ ಹೊಲಿಯುವವರಿಗೆ ಅಳತೆ ಹೇಳಿದರೆ ಧ್ಯಾನಕ್ಕೆ ಕೂಡುವ ದುಂಡು ದಿಂಬನ್ನೂ ಹೊಲಿದುಕೊಡುತ್ತಾರೆ. ಆನ್‌ಲೈನಿನಲ್ಲಿ ಸಿಗುವ ಮೆತ್ತನೆಯ ಫೋಮ್ ದಿಂಬಿಗಿಂತ ಇದು ಎಷ್ಟೋ ಮೇಲು. ಮೆತ್ತನೆಯ ಫೋಮ್ ಭಾರಕ್ಕೆ ಕುಸಿಯುತ್ತದೆ. ಸೊಂಟ ಹಿಂದಕ್ಕೆ ವಾಲಿ ಬೆನ್ನು ಬಾಗುತ್ತದೆ, ಹೊಟ್ಟೆ ಮಡಚಿಕೊಳ್ಳುತ್ತದೆ. ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಾದ ವಪೆ ಕೆಳಗಿಳಿಯಲು ಜಾಗ ಸಾಲದೆ ಉಸಿರು ಎದೆಯಲ್ಲೇ ಗಿಡ್ಡಗೆ ಆಡುತ್ತದೆ, ಗಮನವೆಲ್ಲ ಬೆನ್ನುನೋವಿನ ಕಡೆ ಹೋಗುತ್ತದೆ.

ಅಡ್ಡಳತೆ 14 ಇಂಚು, ಎತ್ತರ 6 ಇಂಚು, ಹಿಂಜಿದ ಹತ್ತಿ ಒಂದೂವರೆ ಕಿಲೋ. ಪಕ್ಕದ ಪಟ್ಟಿ ಹೊಲಿಗೆಯ ಅಂಚೂ ಸೇರಿ 46 ಇಂಚು ಉದ್ದ, 7 ಇಂಚು ಅಗಲ ಇರಲಿ. ಒಂದು ಕಿಲೋ ಸಾಕು ಅಂದರೆ ಒಪ್ಪಬೇಡಿ, ತಿಂಗಳೊಳಗೆ ಚಪ್ಪಟೆಯಾದೀತು. ನಮ್ಮ ಎರೆಹೊಲದ ನಾಟಿ ತಳಿ ಜಯಧರದಂಥ ಒರಟು ಎಳೆಯ ಹತ್ತಿ ಸಿಕ್ಕರೆ ಬಿಡಬೇಡಿ. ಒತ್ತಿದರೂ ಮತ್ತೆ ಮೇಲೇಳುವ ಗುಣ ಅದಕ್ಕಿದೆ. ಗವಸಿಗೆ ಹುಬ್ಬಳ್ಳಿಯದೇ ಬೆಂಗೇರಿಯ ದಪ್ಪ ಖಾದಿ ಚೆನ್ನಾಗಿ ಒಪ್ಪುತ್ತದೆ, ಜಾರುವುದಿಲ್ಲ.

ಒಂದು ತಪ್ಪು ಮಾತ್ರ ಮೇಲಿಂದ ಮೇಲೆ ಆಗುತ್ತದೆ. ಗಾದಿಯ ರೂಢಿಯಂತೆ ದಿಂಬಿನ ನಡುವೆಯೂ ದಪ್ಪ ದಾರದ ಹೊಲಿಗೆ ಹಾಕಿಬಿಡುತ್ತಾರೆ. ಅಲ್ಲಿ ಕುಳಿ ಬಿದ್ದು ಕೂತವರು ಹಿಂದಕ್ಕೆ ಜಾರುತ್ತಾರೆ. ಬೇಡವೆಂದು ಮೊದಲೇ ಹೇಳಿ. ಪಕ್ಕದಲ್ಲಿ ನಾಲ್ಕಿಂಚು ಬಾಯಿ ಬಿಡಿಸಿ ಲಾಡಿ ಕಟ್ಟಿಸಿಕೊಳ್ಳಿ, ಮುಂದೆ ಹತ್ತಿ ತುಂಬಲು ಬೇಕಾಗುತ್ತದೆ.

ಬಳಸುವಾಗ ಕೌದಿಯನ್ನು ನಾಲ್ಕು ಮಡಿಕೆ ಹಾಕಿ ಹಾಸಿ, ಅದರ ಮೇಲೆ ದಿಂಬು. ದಿಂಬಿನ ಮುಂದಿನ ಅರ್ಧದ ಮೇಲಷ್ಟೇ ಕೂಡಬೇಕು. ಪೂರ್ತಿ ಹಿಂದೆ ಸರಿದು ಕೂತರೆ ಅಂಚು ತೊಡೆಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಮೊಣಕಾಲು ಎರಡೂ ಕೌದಿಗೆ ತಾಗಿ ಸೊಂಟಕ್ಕಿಂತ ಕೆಳಗಿದ್ದರೆ ಎತ್ತರ ಸರಿಯಾಯಿತು. ಮೊಣಕಾಲು ತೇಲುತ್ತಿದ್ದರೆ ಅದರ ಕೆಳಗೊಂದು ಟವೆಲ್ ಮಡಚಿಡಿ.

ಇನ್ನು ಉಸಿರು. ಅದನ್ನು ಎಳೆಯಬೇಡಿ, ಉದ್ದ ಮಾಡಬೇಡಿ. ಮೂಗಿನ ಹೊಳ್ಳೆಯ ಅಂಚಿಗೆ ತಂಪಾಗಿ ತಾಗಿ ಒಳಹೋಗುವುದನ್ನು, ತುಸು ಬೆಚ್ಚಗೆ ಹೊರಬರುವುದನ್ನು ಗಮನಿಸಿದರೆ ಸಾಕು. ಬಿಟ್ಟ ಉಸಿರಿಗೊಂದು ಎಣಿಕೆ, ಹತ್ತಕ್ಕೆ ಮುಟ್ಟಿದ ಮೇಲೆ ಮತ್ತೆ ಒಂದು. ನಡುವೆ ಲೆಕ್ಕ ತಪ್ಪಿದರೆ ಒಂದರಿಂದಲೇ. ಎಣಿಕೆ ಹದಿನೇಳು, ಹದಿನೆಂಟಕ್ಕೆ ಹೋಗಿದ್ದರೆ ಬಾಯಿ ಎಣಿಸುತ್ತಿದೆ, ಮನಸ್ಸು ಬೇರೆಡೆ ಇದೆ ಎಂದರ್ಥ. ಅದು ಗೊತ್ತಾದ ಕ್ಷಣವೇ ಧ್ಯಾನದ ಕೆಲಸ ನಡೆಯುವ ಜಾಗ, ಬೇಸರ ಬೇಡ. ತಲೆ ಸುತ್ತಿದರೆ ಜೋರಾಗಿ ಉಸಿರಾಡುತ್ತಿದ್ದೀರಿ. ಎಣಿಕೆ ಬಿಟ್ಟು ಸಹಜಕ್ಕೆ ಬನ್ನಿ. ಮೊದಲ ವಾರ ಹತ್ತು ನಿಮಿಷ ಸಾಕು, ನಸುಕಿನಲ್ಲಿ ಕೂತರೆ ಉತ್ತಮ. ರೊಟ್ಟಿ ಊಟದ ಬೆನ್ನಿಗೇ ಕೂತರೆ ತೂಕಡಿಕೆ ಬರುತ್ತದೆ.

ಧಾರವಾಡದ ಜಿಟಿಜಿಟಿ ಮಳೆಗೆ ಹತ್ತಿ ಥಂಡಿ ಹಿಡಿದು ಗಂಟಾಗುತ್ತದೆ. ಬಿಸಿಲು ಬಿದ್ದ ದಿನ ಹೊರಗಿಟ್ಟು, ಅಂಗೈಯಿಂದ ಸುತ್ತಲೂ ತಟ್ಟಿ, ಮಗುಚಿ ಹಾಕಿ. ಮೊಣಕಾಲು ಮಡಚಲಾಗದವರು ಇದನ್ನು ಹೊಲಿಸುವುದು ಬೇಡ, ಪಾದ ನೆಲಕ್ಕೆ ಮುಟ್ಟುವ ಗಟ್ಟಿ ಕುರ್ಚಿಯೇ ಅವರಿಗೆ ಸರಿ.