ಕೃಷ್ಣಾ ಮುಖಜಭೂಮಿಯ ಜೇಡಿಗೆ 63 ಮೈಕ್ರಾನ್ ಜರಡಿ: ಕೊಳ್ಳುವ ಮುನ್ನ

ಕೃಷ್ಣಾ ಮುಖಜಭೂಮಿಯ ಮೆಕ್ಕಲಿನಿಂದ ಫೋರಾಮಿನಿಫೆರಾ (ಚಿಪ್ಪು ಕಟ್ಟುವ ಏಕಕೋಶ ಜೀವಿ) ಹೆಕ್ಕಲು ಹೊರಟವರಿಗೆ ಸೂಕ್ಷ್ಮದರ್ಶಕಕ್ಕೂ ಮೊದಲು ಬೇಕಾದದ್ದು ಒಳ್ಳೆಯ ಜರಡಿ. 20 ಸೆಂ.ಮೀ. ವ್ಯಾಸದ, ಚೌಕಟ್ಟೂ ಬಲೆಯೂ ಸ್ಟೇನ್‌ಲೆಸ್ ಸ್ಟೀಲಿನದೇ ಆದ ಜರಡಿ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹಲವರು ಎಡವುವುದು ಆರ್ಡರ್ ಕೊಡುವಾಗ.

ಬರೀ ಮೆಶ್ ನಂಬರ್ (ಬಲೆಯ ಕಣ್ಣಿನ ಗಾತ್ರ ಸೂಚಿಸುವ ಸಂಖ್ಯೆ) ಹೇಳಿ ತರಿಸಬೇಡಿ. 63 ಮೈಕ್ರಾನ್ ಎಂದರೆ ಅಮೆರಿಕದ ಎಎಸ್‌ಟಿಎಂ ಲೆಕ್ಕದಲ್ಲಿ 230, ಬ್ರಿಟಿಷ್ ಲೆಕ್ಕದಲ್ಲಿ 240. "200 ಇದೆ, ಹೆಚ್ಚುಕಮ್ಮಿ ಅದೇ" ಎಂದು ಕೊಟ್ಟರೆ ಅದು 75 ಮೈಕ್ರಾನಿನದು, ಸಿವಿಲ್‌ನವರು ಮಣ್ಣು ಪರೀಕ್ಷೆಗೆ ಬಳಸುವಂಥದ್ದು. ಸಣ್ಣ ಜಾತಿಗಳೂ ಎಳೆಯ ಚಿಪ್ಪುಗಳೂ ಅದರಲ್ಲಿ ತೂರಿಹೋಗುತ್ತವೆ. ಚೌಕಟ್ಟಿನ ಎತ್ತರ 50 ಮಿ.ಮೀ. ಇರಲಿ, 25ರದ್ದರಲ್ಲಿ ನೀರು ಬಿಟ್ಟ ಕೂಡಲೇ ಮಾದರಿ ಅಂಚು ಹಾರಿ ಸಿಂಕ್ ಸೇರುತ್ತದೆ.

ಬಲೆ ಚೌಕಟ್ಟಿಗೆ ಕೂಡುವ ಸಂದಿಯನ್ನು ಲೆನ್ಸ್ ಹಿಡಿದು ನೋಡಿ. ಅಲ್ಲಿ ಸೀಳಿದ್ದರೆ ಹಿಂದಿನ ಮಾದರಿಯ ಚಿಪ್ಪು ಅವಿತುಕೊಂಡು ಮುಂದಿನದಕ್ಕೆ ಬೆರೆಯುತ್ತದೆ. ಸಿಹಿನೀರಿನ ಪದರದಲ್ಲಿ ಅಮೋನಿಯಾ ಎಂಬ ಉಪ್ಪುನೀರಿನ ಫೋರಾಮಿನಿಫೆರಾದ ನಾಲ್ಕು ಚಿಪ್ಪು ಕಂಡರೆ ಸಾಕು, ಸಮುದ್ರ ಒಳನುಗ್ಗಿತ್ತೆಂದು ವರದಿ ಬರೆದುಬಿಡುತ್ತೇವೆ! ಮಾದರಿ ಮಾದರಿಗೂ ನಡುವೆ ಜರಡಿಯನ್ನು ಮೆಥಿಲೀನ್ ಬ್ಲೂ ದ್ರಾವಣದಲ್ಲಿ ಅದ್ದಿ ತೊಳೆಯಿರಿ. ಹಳೆಯ ಚಿಪ್ಪು ಉಳಿದಿದ್ದರೆ ನೀಲಿಯಾಗಿ ಸಿಕ್ಕಿಬೀಳುತ್ತದೆ.

ನಿಜವಾದ ಪರೀಕ್ಷೆ ಜೇಡಿಯದು. ಉತ್ತರ ಕರ್ನಾಟಕದ ಎರೆಭೂಮಿಯಿಂದ ಕೊಚ್ಚಿ ಬಂದ ಪಾಲೂ ಇದರಲ್ಲಿದೆ. ನೀರು ಕುಡಿದು ಉಬ್ಬುವ ಸ್ಮೆಕ್ಟೈಟ್ ಎಂಬ ಜೇಡಿ ಖನಿಜ ಬಲೆಯ ಕಣ್ಣು ಮುಚ್ಚಿಬಿಡುತ್ತದೆ. 50 ಡಿಗ್ರಿಯಲ್ಲಿ ಒಣಗಿಸಿದ 20 ಗ್ರಾಂ ಮಾದರಿಯನ್ನು ಜೇಡಿಯ ಕಣ ಬಿಡಿಸುವ ಶೇ. 5ರ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ. ಬಲೆಯನ್ನು ಮೊದಲೇ ಒದ್ದೆ ಮಾಡಿಕೊಂಡು, ಸ್ವಲ್ಪ ಸ್ವಲ್ಪವೇ ಸುರಿದು, ಮೆಲುವಾದ ಶವರ್ ಬಿಡಿ. ನೀರು ನಿಂತರೆ ತಳಕ್ಕೆ ಅಂಗೈಯಿಂದ ಮೆಲ್ಲಗೆ ತಟ್ಟಿ. ಬೆರಳಿನಿಂದ ಉಜ್ಜಿದಿರೋ, ತೆಳು ಚಿಪ್ಪು ಪುಡಿಯಾಗುತ್ತದೆ, ತಂತಿ ಸರಿದು ಕಣ್ಣು ಹಿಗ್ಗುತ್ತದೆ. ಆಮೇಲೆ ಅದು 63 ಮೈಕ್ರಾನ್ ಜರಡಿಯಾಗಿ ಉಳಿಯುವುದಿಲ್ಲ. ಕೆಳಗೆ ಇಳಿಯುವ ನೀರು ತಿಳಿಯಾಗುವವರೆಗೂ ತೊಳೆಯಬೇಕು. ಕೆಲಸ ಮುಗಿದ ಮೇಲೆ ಜರಡಿಯನ್ನು ಬೋರಲು ಹಾಕಿ ಹಿಂಬದಿಯಿಂದ ನೀರು ಹಾಯಿಸಿ.

ಮ್ಯಾಂಗ್ರೋವ್ ಕೆಸರಿಗೆ ಈ ಕ್ರಮವನ್ನು ಹಾಗೇ ಅನ್ವಯಿಸಬೇಡಿ. ಅಲ್ಲಿನ ಟ್ರೋಕಮ್ಮಿನಾ, ಮಿಲಿಯಮ್ಮಿನಾ ಎಂಬ ಫೋರಾಮಿನಿಫೆರಾಗಳದು ಮರಳಿನ ಕಣ ಅಂಟಿಸಿ ಕಟ್ಟಿದ ಚಿಪ್ಪು, ಒಣಗಿಸಿದರೆ ಕುಸಿಯುತ್ತದೆ. ಹಸಿಯಾಗಿಯೇ ಜರಡಿ ಹಿಡಿದು, ನೀರಿನಲ್ಲಿಟ್ಟೇ ಎಣಿಸಿ. ಕೊಳೆತ ಎಲೆ, ಬೇರು ಹೆಚ್ಚಿದ್ದರೆ ಮೇಲೊಂದು 500 ಮೈಕ್ರಾನ್ ಜರಡಿ ಬೇಕೇ ಬೇಕು, ಅದರ ಖರ್ಚನ್ನೂ ಸೇರಿಸಿಕೊಳ್ಳಿ.

ಡಯಾಟಮ್ (ಸೂಕ್ಷ್ಮ ಪಾಚಿ), ಪರಾಗ ಹುಡುಕುವವರು ಇದಕ್ಕೆ ದುಡ್ಡು ಹಾಕಬೇಡಿ. ಅವರಿಗೆ ಬೇಕಾದದ್ದರ ಬಹುಪಾಲು ಕೆಳಗೆ ಹರಿದುಹೋಗುವ ಕೆಸರುನೀರಿನಲ್ಲೇ ಇರುತ್ತದೆ.