ಕಡಲ್ಗಳ್ಳರ ಕಿರುಚಿತ್ರಕ್ಕೆ ಕಾರವಾರ, ಮಿರ್ಜಾನ, ಹೊನ್ನಾವರ: ಮೂರೂ ಕಡೆ ಶೂಟಿಂಗ್ ಮಾಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಹೊನ್ನಾವರಕ್ಕೆ. ನಮ್ಮ ಒಂದು ಇಡೀ ಭಾನುವಾರದ ಕೆಲಸ ಹಾಳಾದದ್ದೂ ಅಲ್ಲಿಯೇ. ಆದರೂ ಹೊನ್ನಾವರಕ್ಕೇ.

ಇಪ್ಪತ್ತು ನಿಮಿಷದ ಚಿತ್ರ, ನಾಲ್ಕು ಜನ, ಒಂದು ಕ್ಯಾಮೆರಾ, ಎರಡು ಮೈಕ್. ಶಿರಸಿಯಿಂದ ಘಟ್ಟ ಇಳಿದು ಹೋಗಬೇಕು. ನಾಲ್ವರಿಗೂ ಒಟ್ಟಿಗೆ ಬಿಡುವು ಸಿಗುವುದು ಭಾನುವಾರ ಮಾತ್ರ. ಕಥೆ ತಿಮ್ಮಯ್ಯನದು. ಪೋರ್ಚುಗೀಸರ ಬರಹಗಳಲ್ಲಿ ತಿಮೋಜ ಎಂದು ಬರುತ್ತಾನಲ್ಲ, ಅವನೇ. ಹೊನ್ನಾವರದಲ್ಲಿ ಹಡಗುಪಡೆ ಇಟ್ಟುಕೊಂಡಿದ್ದವ, 1510ರಲ್ಲಿ ಗೋವೆಯ ಮೇಲೆ ಏರಿಹೋಗುವಂತೆ ಪೋರ್ಚುಗೀಸರ ದಂಡನಾಯಕ ಅಲ್ಬುಕರ್ಕನನ್ನು ಒಪ್ಪಿಸಿದವ. ಕಡಲ್ಗಳ್ಳ ಅನ್ನುವವರಿದ್ದಾರೆ. ನನಗೆ ಅವನು ನಮ್ಮ ಜಿಲ್ಲೆಯ ಮರೆತುಹೋದ ನಾವಿಕ, ಅದಕ್ಕೇ ಈ ಚಿತ್ರ.

ಮೊದಲು ಹೋದದ್ದು ಕಾರವಾರಕ್ಕೆ. ಅದಕ್ಕೊಂದು ಆಸೆ ಕಾರಣ. 1697ರ ಸೆಪ್ಟೆಂಬರಿನಲ್ಲಿ ಹೆಸರಾಂತ ಕಡಲ್ಗಳ್ಳ ಕ್ಯಾಪ್ಟನ್ ಕಿಡ್ ಕಟ್ಟಿಗೆ, ನೀರು ತುಂಬಿಸಿಕೊಳ್ಳಲು ಕಾರವಾರಕ್ಕೆ ಬಂದಿದ್ದ. ಅವನ ಹಡಗಿನ ಕೆಲವರು ಅಲ್ಲಿ ತಪ್ಪಿಸಿಕೊಂಡು, ಇಂಗ್ಲಿಷರ ಕೋಠಿಗೆ, ಅಂದರೆ ವ್ಯಾಪಾರದ ನೆಲೆಗೆ, ಹೋಗಿ ಅವನ ಕೃತ್ಯಗಳನ್ನೆಲ್ಲ ಹೇಳಿಬಿಟ್ಟರು. ನಾಲ್ಕು ವರ್ಷದ ಮೇಲೆ ಲಂಡನ್ನಿನಲ್ಲಿ ಕಿಡ್‌ಗೆ ಗಲ್ಲಾಯಿತು. ಇದನ್ನು ಚಿತ್ರದ ಕೊನೆಗೆ ತರಬೇಕೆಂದಿದ್ದೆ. ಸದಾಶಿವಗಡದ ಗುಡ್ಡ ಹತ್ತಿ ನಿಂತರೆ ಕಾಳಿ ಹೊಳೆ ಕಡಲು ಸೇರುವ ನೋಟಕ್ಕೆ ಸಾಟಿಯಿಲ್ಲ. ಆದರೆ ಗುಡ್ಡದ ಬುಡದಲ್ಲೇ ಹೆದ್ದಾರಿ. ಲಾರಿ ಹಾರ್ನ್ ಇಲ್ಲದ ಒಂದು ನಿಮಿಷದ ಧ್ವನಿಯೂ ನಮಗೆ ಸಿಗಲಿಲ್ಲ. ಕೋಟೆ ನಮ್ಮ ಸೋದೆ ಅರಸರದ್ದು, 18ನೇ ಶತಮಾನದ್ದು. ತಿಮ್ಮಯ್ಯನಿಗೂ ಹೊಂದುವುದಿಲ್ಲ, ಕಿಡ್‌ಗೂ ಹೊಂದುವುದಿಲ್ಲ. ಅಂಜುದೀವ್ ದ್ವೀಪ ನೌಕಾನೆಲೆಯ ಒಳಗಿದೆ, ಅಲ್ಲಿಗೆ ಹೋಗುವ ಮಾತೇ ಇಲ್ಲ. ಆ ಸುತ್ತ ಡ್ರೋನ್ ಯೋಚನೆಯನ್ನೂ ಬಿಟ್ಟೆವು. ಟಾಗೋರ್ ಕಡಲತೀರದಲ್ಲಿ ಕ್ಯಾಮೆರಾ ಸ್ವಲ್ಪ ತಿರುಗಿಸಿದರೆ ಯುದ್ಧನೌಕೆ ಸಂಗ್ರಹಾಲಯದ ಚಾಪೆಲ್ ಹಡಗು ಫ್ರೇಮಿಗೆ ಬಂದು ಕೂರುತ್ತದೆ.

ಮಿರ್ಜಾನ ಕೋಟೆಯ ಚಿರೇಕಲ್ಲಿನ ಗೋಡೆ ಮಳೆಗಾಲದಲ್ಲಿ ಪಾಚಿ ಹಿಡಿದು ಹಸಿರಾದಾಗ ಕಣ್ಣಿಗೆ ಹಬ್ಬ. ಆದರೆ ಕೋಟೆಯಿಂದ ಕಡಲು ಕಾಣುವುದಿಲ್ಲ. ಕಡಲ್ಗಳ್ಳರ ಚಿತ್ರಕ್ಕೆ ಅದೊಂದೇ ಸಾಕು ಬೇಡ ಅನ್ನಲು. ಭಾನುವಾರ ಜನವೂ ಜಾಸ್ತಿ.

ಇನ್ನು ಹೊನ್ನಾವರ. ಶರಾವತಿ ಅಳಿವೆಯ ಒಳಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮರೆಯಲ್ಲಿ ಒಂದು ದಂಡೆ ಸಿಕ್ಕಿತು. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡ ಹಡಗುಗಳಿಗೆ ಬೆಂಕಿಯಿಟ್ಟದ್ದು ಇದೇ ಹೊನ್ನಾವರದಲ್ಲಿ. ತಿಮ್ಮಯ್ಯನ ಆಳುಗಳು ದೋಣಿ ನೂಕಿಕೊಂಡು ಹೊರಡುವ ದೃಶ್ಯ ಅಲ್ಲಿ ತೆಗೆಯುವುದೆಂದಾಯಿತು. ಮೊದಲ ಭಾನುವಾರ ಬೆಳಗ್ಗೆ ಆರೂವರೆಗೆ ದೂರದ ಶಾಟ್‌ಗಳೆಲ್ಲ ಮುಗಿದವು. ನೀರು ಕಾಂಡ್ಲಾ ಬೇರನ್ನು ಮುಚ್ಚಿಕೊಂಡಿತ್ತು, ದೋಣಿ ತೇಲುತ್ತಿತ್ತು. ಹತ್ತಿರದ ಶಾಟ್‌ಗಳನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಂಡೆವು.

ಮುಂದಿನ ಭಾನುವಾರ ಅದೇ ಆರೂವರೆಗೆ ಹೋದರೆ ದಂಡೆಯಲ್ಲಿ ನೀರೇ ಇಲ್ಲ. ಬೇರೆಲ್ಲ ಬತ್ತಲೆ, ಮೊಣಕಾಲುದ್ದ ಕೆಸರು, ದೋಣಿ ಓರೆಯಾಗಿ ಮಲಗಿದೆ. ಮುಖದ ಶಾಟ್ ತಾನೇ, ನೀರು ಎಲ್ಲಿ ಕಾಣುತ್ತದೆ ಅಂತ ಹಟ ಹಿಡಿದು ತೆಗೆದೆವು. ಎಡಿಟಿಂಗ್‌ಗೆ ಕೂತಾಗ ಪ್ರತಿಯೊಬ್ಬನ ಹೆಗಲ ಹಿಂದೆಯೂ ಅದೇ ಕೆಸರು. ಒಂದು ಶಾಟ್‌ನಲ್ಲಿ ತುಂಬಿದ ಹೊಳೆ, ಮರು ಶಾಟ್‌ನಲ್ಲಿ ಬರಿದಾದ ದಂಡೆ. ಒಂದೂ ಉಳಿಯಲಿಲ್ಲ.

ದೋಣಿಯ ಅಜ್ಜ ಆವತ್ತೇ ಹೇಳಿದ್ದರು: "ವಾರ ನೋಡಿ ಬಂದ್ರೆ ಆಗುದಿಲ್ಲ ತಮಾ, ತಿಥಿ ನೋಡ್ಕಂಡು ಬರ್ಬೇಕು." ಅರ್ಥವಾದದ್ದು ಲೆಕ್ಕ ಹಾಕಿದ ಮೇಲೆ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಏಳು ದಿನಕ್ಕೆ ಹೆಚ್ಚುಕಡಿಮೆ ಆರು ಗಂಟೆ. ಭರತದಿಂದ ಇಳಿತಕ್ಕೂ ಅಷ್ಟೇ ಹೊತ್ತು. ಹಾಗಾಗಿ ಈ ಭಾನುವಾರ ಭರತವಿದ್ದ ಹೊತ್ತಿಗೆ ಮುಂದಿನ ಭಾನುವಾರ ಇಳಿತ. ನಾವು ಹೋದ ಮೊದಲ ವಾರ ಅಷ್ಟಮಿ, ಮರುವಾರ ಅಮಾವಾಸ್ಯೆ. ಇನ್ನೊಂದು ವಾರ ಕಾದಿದ್ದರೆ ನೀರು ತಾನಾಗಿ ಮೊದಲಿನ ಜಾಗಕ್ಕೆ ಬರುತ್ತಿತ್ತು. ದಿನ ಬಿಟ್ಟು ದಿನ ಹೋಗಬಲ್ಲವರು ಗಂಟೆ ಮುಂದೆ ಹಾಕಿಕೊಂಡರೂ ಆದೀತು, ಆಗ ಬಿಸಿಲು ಬದಲಾಗುತ್ತದೆ. ಭಾನುವಾರದವರಿಗೆ ವಾರ ಬಿಟ್ಟು ವಾರವೇ ದಾರಿ. ಮೂರನೆಯ ಸಲ ಹಾಗೆಯೇ ಹೋದೆವು. ನೀರು ಅದೇ ಬೇರಿನ ಹತ್ತಿರ ನಿಂತಿತ್ತು. ಅವತ್ತಿನ ಶಾಟ್‌ಗಳೆಲ್ಲ ಕೂಡಿಕೊಂಡವು.

ಹೊನ್ನಾವರಕ್ಕೆ ಇನ್ನೊಂದು ತೊಡಕು ಸೇತುವೆಗಳದು. ಕೊಂಕಣ ರೈಲಿನ ಸೇತುವೆಯೇ ಎರಡು ಕಿಲೋಮೀಟರಿಗೂ ಉದ್ದ. ಕ್ಯಾಮೆರಾವನ್ನು ಕಾಂಡ್ಲಾ ಕಡೆಗೆ ತಿರುಗಿಸಿಟ್ಟರೆ ಮುಗಿಯಿತು.

ಖರ್ಚಿನಲ್ಲೂ ಹೊನ್ನಾವರವೇ ಹಗುರ. ನಸುಕಿಗೆ ಘಟ್ಟ ಇಳಿದರೆ ರಾತ್ರಿ ಊಟಕ್ಕೆ ಮನೆ, ವಸತಿ ಖರ್ಚಿಲ್ಲ. ಕಾರವಾರಕ್ಕೆ ಹೋದಾಗ ಎರಡು ರೂಮು ಹಿಡಿಯಬೇಕಾಯಿತು. ದೊಡ್ಡ ತಂಡ, ಡಬ್ಬಿಂಗ್‌ಗೆ ದುಡ್ಡು ಇರುವವರಿಗೆ ಸದಾಶಿವಗಡ ಒಗ್ಗೀತು. ಸ್ಥಳದ ಧ್ವನಿಯನ್ನೇ ನಂಬಿಕೊಂಡ ನಮ್ಮಂಥವರಿಗೆ ಆ ಲಾರಿಗಳು ಎಂದೂ ಸುಮ್ಮನಾಗುವುದಿಲ್ಲ. ಹೊಳೆಯ ನೀರು ಯಾವಾಗ ಏರುತ್ತದೆ ಅನ್ನುವುದನ್ನಾದರೂ ಪಂಚಾಂಗ ನೋಡಿ ಹೇಳಬಹುದು.

ಇನ್ನು ರಾತ್ರಿಯ ಎರಡು ದೃಶ್ಯ ಬಾಕಿ. ಅವಕ್ಕೆ ಹುಣ್ಣಿಮೆ ಹತ್ತಿರದ ಭಾನುವಾರವೊಂದು, ಅದರಿಂದ ಹದಿನೈದು ದಿನಕ್ಕೆ ಇನ್ನೊಂದು ಅಂದುಕೊಂಡಿದ್ದೆ. ಎರಡನೆಯದು ಅಮಾವಾಸ್ಯೆಗೆ ಬೀಳುತ್ತದೆ, ನೀರು ಹೊಂದಿದರೂ ಬೆಳದಿಂಗಳು ಇರುವುದಿಲ್ಲ. ಎರಡನ್ನೂ ಒಂದೇ ರಾತ್ರಿ ಮುಗಿಸಬೇಕು. ದೋಣಿಯ ಅಜ್ಜನಿಗೆ ತಿಥಿ ಹೇಳಿ ಬಂದಿದ್ದೇನೆ.